ಎದೆ ಸಮಾಧಾನವಾದ ಮೇಲೆ

ಮಗಳ ಯೂನಿಫಾರ್ಮಿನ ಲಂಗಕ್ಕೆ ಅವಳು ನೆರಿಗೆ ಹಿಡಿದು ಇಸ್ತ್ರಿ ಮಾಡುತ್ತಿದ್ದಳು. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಕರೆಗಂಟೆ ಸದ್ದಾಯಿತು.

'ಈ ಹೊತ್ತಲ್ಲಿ ಯಾರಪ್ಪಾ...'

ಬಾಗಿಲು ತೆರೆದರೆ, ಹೆಗಲಿಗೆ ದಪ್ಪ ಚೀಲ ಹಾಕಿಕೊಂಡ ಗಂಡಸೊಬ್ಬ ನಿಂತಿದ್ದ. ಅವನ ಅಂಗೈಯಲ್ಲಿ ಎಣ್ಣೆ ಮೆತ್ತಿದ ದಾರದ ಉಂಡೆ, ಒಂದು ತುಂಡು ಲೇಸು.

"ಬಟ್ಟೆ ಹೊಲಿಯೋ ಮೇಡಂ ನೀವೇನಾ?"

"ಹೌದು. ಯಾಕೆ?"

"ನಾನು ಲಿಫ್ಟ್ ರಿಪೇರಿಯವನು. ಈ ಐದನೇ ಮಹಡಿ ಬಾಗಿಲು ಯಾಕೆ ಮುಚ್ಕೊಳ್ಳಲ್ಲ ಅಂತ ಬೆಳಿಗ್ಗೆಯಿಂದ ತಲೆ ಕೆಡಿಸ್ಕೊಂಡಿದ್ದೆ. ಕೆಳಗಿನ ಸಂದೀಲಿ ನೋಡಿದ್ರೆ ನಿಮ್ಮ ಅರ್ಧ ಅಂಗಡಿಯೇ ಇದೆ!"

ಅವಳಿಗೆ ಉರಿದುಹೋಯಿತು. "ಬಟ್ಟೆ ತಗೊಂಡು ಹೋಗೋರ ಮೈಯಿಂದ ದಾರ ಉದುರಿದ್ರೆ ನಾನೇನ್ರೀ ಮಾಡ್ಲಿ? ಅವರ ಹಿಂದೆ ಪೊರಕೆ ಹಿಡ್ಕೊಂಡು ಓಡ್ಲಾ?"

"ಓಡಿದ್ರೆ ನನಗೂ ಸ್ವಲ್ಪ ಕೆಲಸ ಕಮ್ಮಿ ಆಗ್ತಿತ್ತು..." ಅನ್ನುತ್ತಲೇ ಅವನು ಮೂಗರಳಿಸಿದ. "ಮೇಡಂ, ಒಳಗೆ ಏನೋ ಸುಡ್ತಿದೆ!"

"ಅಯ್ಯೋ, ಇಸ್ತ್ರಿ!"

ಅವಳು ತಿರುಗುವಷ್ಟರಲ್ಲಿ ಅವನು ಒಳಗೆ ನುಗ್ಗಿ ಪ್ಲಗ್ ಕಿತ್ತಾಗಿತ್ತು. ಲಂಗದ ನಡುಮಧ್ಯೆ ಕಂದು ಬಣ್ಣದ ಇಸ್ತ್ರಿಪೆಟ್ಟಿಗೆಯೊಂದು ಅಚ್ಚಾಗಿ ಕೂತಿತ್ತು.

ಒಂದು ಕಾಲಿಗೆ ಮಾತ್ರ ಸಾಕ್ಸ್ ಹಾಕಿಕೊಂಡು ಮಗಳು ಓಡಿ ಬಂದಳು. ಅಂಬೆಗಾಲಿಡುವಾಗ ಅಮ್ಮನ ಹೊಲಿಗೆ ಡಬ್ಬಿಯಿಂದ ಗುಂಡಿಯೊಂದನ್ನು ನುಂಗಿದ ಪುಣ್ಯಕ್ಕೆ ಅವಳಿಗೆ 'ಗುಂಡಿ' ಅನ್ನುವ ಹೆಸರೇ ನಿಂತುಬಿಟ್ಟಿತ್ತು.

"ಅಮ್ಮಾ... ಹಾಗಾದ್ರೆ ಇವತ್ತು ನಂಗೆ ರಜಾನಾ?"

ಆ ದನಿಯಲ್ಲಿದ್ದ ಆಸೆ ಕೇಳಿ ಅವನು ಜೋರಾಗಿ ನಕ್ಕುಬಿಟ್ಟ. ಬೈಯಬೇಕೆಂದಿದ್ದ ಅವಳಿಗೂ ನಗು ತಡೆಯಲಾಗಲಿಲ್ಲ.

ಆಗಲೇ ಅವಳ ಎದೆಯೊಳಗೆ ಏನೋ ಆಯಿತು! ನೀರಿನಿಂದ ಎತ್ತಿ ಹಾಕಿದ ಮೀನು ಒದ್ದಾಡಿದ ಹಾಗೆ. ಒಂದಿಷ್ಟು ಹೊತ್ತು ಪಟಪಟ, ಆಮೇಲೆ ಒಂದು ಬಡಿತ ತಪ್ಪಿದಂತೆ, ಮತ್ತೆ ಪಟಪಟ. ಅವನು ಹೋದ ಮೇಲೂ ಅದು ಬೇಗ ನಿಲ್ಲಲಿಲ್ಲ.

'ಇದೇನಿದು... ಈ ವಯಸ್ಸಿಗೆ!'

ಮಗಳು ತೊಟ್ಟಿಲಲ್ಲಿದ್ದಾಗಲೇ ಗಂಡ ಅಪಘಾತದಲ್ಲಿ ತೀರಿಹೋಗಿದ್ದ. ಅಲ್ಲಿಂದೀಚೆಗೆ ಅವಳು, ಹೊಲಿಗೆ ಯಂತ್ರ, ಗುಂಡಿ. ಎದೆ ಅನ್ನುವುದೊಂದು ಇದೆಯೆಂದು ನೆನಪು ಮಾಡಿಕೊಳ್ಳಲು ಅವಳಿಗೆ ಪುರಸೊತ್ತೇ ಇರಲಿಲ್ಲ.

ಹಳೆಯ ಲಿಫ್ಟು ಪದೇ ಪದೇ ಕೆಡುತ್ತಿತ್ತು. ಕೆಟ್ಟಾಗಲೆಲ್ಲ ಅವನು ಬರುತ್ತಿದ್ದ. ಅವಳು ಬಟ್ಟೆಯ ಗಂಟು ಹೊತ್ತು ಮೆಟ್ಟಿಲು ಹತ್ತಿ ಬಂದರೆ, ಐದನೇ ಮಹಡಿಯಲ್ಲಿ ಅವನು ಕೈಗೆಲ್ಲ ಗ್ರೀಸ್ ಬಳಿದುಕೊಂಡು ಕೂತಿರುತ್ತಿದ್ದ. ಅವನನ್ನು ಕಂಡದ್ದೇ ತಡ, ಎದೆಯ ಮೀನು ಒದ್ದಾಡತೊಡಗುತ್ತಿತ್ತು.

"ನೀರು ಕುಡೀತೀರಾ?" ಅನ್ನುವಳು ಏದುಸಿರು ಬಿಡುತ್ತಾ.

"ಮೊದಲು ನೀವು ಕುಡೀರಿ. ಮುಖ ನೋಡಿ ಹೇಗಾಗಿದೆ," ಅನ್ನುವನು ಅವನು.

ಗುಂಡಿ ಇಬ್ಬರ ನಡುವೆ ಕೂತು ಅವನ ಸ್ಪ್ಯಾನರ್‌ಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುವಳು.

ಅಕ್ಕ ಫೋನಿನಲ್ಲಿ ಕಾಲೆಳೆದಳು. "ಏನೇ, ದಿನಾ ಲಿಫ್ಟಿನ ಸುದ್ದೀನೇ ಹೇಳ್ತೀಯಲ್ಲ? ಲಿಫ್ಟ್‌ನ ಮದುವೆ ಆಗ್ತೀಯಾ ಹೇಗೆ?"

"ಸುಮ್ನಿರಕ್ಕಾ!" ಅಂದಳು. ಎದೆ ಮಾತ್ರ ಸುಮ್ಮನಿರಲಿಲ್ಲ.

ಅವನಿಲ್ಲದಾಗಲೂ ಎಷ್ಟೋ ಸಲ ಅದು ಹೊಡೆದುಕೊಳ್ಳುತ್ತಿತ್ತು. ಅದನ್ನೆಲ್ಲ ಅವಳು ಅವನ ನೆನಪಿನ ಲೆಕ್ಕಕ್ಕೇ ಹಾಕಿಬಿಟ್ಟಿದ್ದಳು.

ಒಂದು ಸಂಜೆ ಅವನು ಚೀಲ ಕಟ್ಟಿ, ಹೋಗದೆ ನಿಂತ.

"ಮೇಡಂ... ನನಗೂ ಮನೇಲಿ ಯಾರೂ ಇಲ್ಲ. ನೀವು, ನಾನು, ಗುಂಡಿ... ಒಟ್ಟಿಗೆ ಇದ್ರೆ ಹೇಗಿರುತ್ತೆ ಅಂತ ಯೋಚನೆ ಬರ್ತಿದೆ. ತಪ್ಪಾ?"

ಅವಳು ತಲೆ ತಗ್ಗಿಸಿದಳು. ಆಗಷ್ಟೇ ಮೆಟ್ಟಿಲು ಹತ್ತಿ ಬಂದಿದ್ದಳು. ಎದೆ ಕಿತ್ತುಕೊಂಡು ಬರುವಂತೆ ಬಡಿಯುತ್ತಿತ್ತು.

"ನನ್ನ ಎದೆ ಬಡ್ಕೊಳ್ತಿರೋದು ನಿಮಗೆ ಕೇಳಿಸ್ತಿಲ್ವಾ? ಅದೇ ನನ್ನ ಉತ್ತರ..."

ಆ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡವನಂತೆ ಅವನು ಜೋಪಾನವಾಗಿ ಮೆಟ್ಟಿಲಿಳಿದು ಹೋದ.

ಕೆಲವೇ ದಿನ ಕಳೆದಿರಬಹುದು. ಶಾಲೆಯಿಂದ ಗುಂಡಿಯನ್ನು ಕರೆತರುವಾಗ ಲಿಫ್ಟು ಮತ್ತೆ ಕೆಟ್ಟಿತ್ತು. ಮೂರನೇ ಮಹಡಿಯ ತಿರುವಿನಲ್ಲಿ ಅವಳ ಕಣ್ಣು ಕತ್ತಲಿಟ್ಟಿತು. ಕಂಬಿ ಹಿಡಿಯಲು ಹೋದ ಕೈಗೆ ಕಂಬಿ ಸಿಗಲಿಲ್ಲ.

"ಅಮ್ಮಾ! ಅಮ್ಮಾ, ಏಳಮ್ಮಾ!"

ಆ ಕೂಗಿಗೆ ಮೇಲಿಂದ ಅವನು ಓಡಿ ಬಂದ. ಅವಳನ್ನೆತ್ತಿ ತನ್ನ ವ್ಯಾನಿನಲ್ಲಿ ಮಲಗಿಸಿದ. ಗುಂಡಿ ಅಳಲಿಲ್ಲ. ಆಸ್ಪತ್ರೆಯ ತನಕ ಅಮ್ಮನ ಸೆರಗನ್ನು ಬಿಡಲೂ ಇಲ್ಲ.

ನರೆತ ಕೂದಲಿನ ಡಾಕ್ಟರಮ್ಮ ಗ್ರಾಫ್ ಕಾಗದವನ್ನು ಅವಳ ಮುಂದೆ ಹಿಡಿದರು.

"ಹೃದಯದ ಮೇಲಿನ ಕೋಣೆಗಳು ಒಂದೇ ತಾಳದಲ್ಲಿ ಬಡಿಯೋ ಬದಲು ಸುಮ್ನೆ ನಡುಗ್ತಿವೆ. ಅದಕ್ಕೇ ಬಡಿತ ಅಡ್ಡಾದಿಡ್ಡಿ. ಏಟ್ರಿಯಲ್ ಫಿಬ್ರಿಲೇಷನ್ ಅಂತೀವಿ. ಎದೆ ಹೀಗೆ ಹೊಡ್ಕೊಳ್ಳೋದು ಎಷ್ಟು ದಿನದಿಂದ?"

"ಆಗಿಂದಾಗ್ಗೆ... ಮೆಟ್ಟಿಲು ಹತ್ತಿದಾಗ ಜಾಸ್ತಿ..."

ಅಂದವಳಿಗೆ ತಟ್ಟನೆ ಏನೋ ಹೊಳೆಯಿತು.

ಮೆಟ್ಟಿಲು ಹತ್ತುತ್ತಿದ್ದುದು ಯಾವಾಗ? ಲಿಫ್ಟು ಕೆಟ್ಟಾಗ. ಅವನು ಬರುತ್ತಿದ್ದುದು ಯಾವಾಗ? ಲಿಫ್ಟು ಕೆಟ್ಟಾಗಲೇ!

'ಅಂದ್ರೆ... ಅದು ಅವರನ್ನ ಕಂಡು ಬಡ್ಕೊಂಡಿದ್ದಲ್ಲ?'

ಕಾಯಿಲೆಗಿಂತ ಹೆಚ್ಚಾಗಿ ಆ ಯೋಚನೆಯೇ ಅವಳನ್ನು ಹೆದರಿಸಿತು.

ರಕ್ತ ಹೆಪ್ಪುಗಟ್ಟದ ಹಾಗೆ ಕೆಲವು ವಾರ ಮಾತ್ರೆ ಕೊಟ್ಟರು. ಆಮೇಲೆ ಒಂದು ಬೆಳಿಗ್ಗೆ, ಸ್ವಲ್ಪ ಹೊತ್ತು ನಿದ್ದೆ ಬರಿಸಿ, ಎದೆಗೆ ಸಣ್ಣದೊಂದು ಕರೆಂಟಿನ ಏಟು. ಅವಳು ಕಣ್ಣು ಬಿಟ್ಟಾಗ ಪಕ್ಕದ ಪರದೆಯ ಮೇಲೆ ಹಸಿರು ಗೆರೆ ಓಡುತ್ತಿತ್ತು. ನಿದ್ದೆ ಬರಿಸುವ ಮೊದಲು ಅದು ಹೊಸದಾಗಿ ಸೂಜಿ ಹಿಡಿದವರ ಹೊಲಿಗೆಯ ಹಾಗಿತ್ತು. ಒಂದು ಉದ್ದ, ಒಂದು ಗಿಡ್ಡ, ನಡುವೆ ಗಂಟು. ಈಗ ಮಷೀನಿನಲ್ಲಿ ಹಾಕಿದಂತೆ ಒಂದೇ ಅಳತೆ.

"ತಾಳಕ್ಕೆ ಬಂತು," ಡಾಕ್ಟರಮ್ಮ ಅವಳ ಕೈ ಅದುಮಿದರು. "ಒಂದಿಷ್ಟು ದಿನ ಮಾತ್ರೆ ತಪ್ಪಿಸಬೇಡಿ."

ಎದೆಯೊಳಗೆ ಎಂಥ ನಿಶ್ಶಬ್ದ! ಮಕ್ಕಳೆಲ್ಲ ಶಾಲೆಗೆ ಹೋದ ಮೇಲೆ ಮನೆ ಇರುತ್ತದಲ್ಲ, ಹಾಗೆ.

ಅಷ್ಟೂ ದಿನ ಗುಂಡಿಯನ್ನು ನೋಡಿಕೊಳ್ಳಲು ಅಕ್ಕ ಬಂದಿದ್ದಳು. ಆಸ್ಪತ್ರೆಯಿಂದ ಅವಳು ಮನೆಗೆ ಮರಳಿದ ಮರುದಿನ ಅವನು ಬಂದ. ಲಿಫ್ಟು ಕೆಟ್ಟಿರಲಿಲ್ಲ. ಅವಳನ್ನು ನೋಡಲೆಂದೇ, ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಅವಳು ಅವನನ್ನು ನೋಡಿದಳು. ಎದೆಗೆ ಕಿವಿಗೊಟ್ಟಳು.

ಏನೂ ಇಲ್ಲ. ಲಬ್ ಡಬ್. ಲಬ್ ಡಬ್. ಅಷ್ಟೇ.

"ಹೇಗಿದೀರಾ ಮೇಡಂ?"

"ಚೆನ್ನಾಗಿದೀನಿ." ಅವಳ ಕಣ್ಣು ತುಂಬಿತು. ಒಳ್ಳೆಯವನಿಗೆ ಸುಳ್ಳು ಹೇಳಬಾರದು ಅನ್ನಿಸಿತು. "ಅವತ್ತು ನಿಮಗೆ ಒಂದು ಉತ್ತರ ಕೊಟ್ಟಿದ್ದೆ ಅಲ್ವಾ... ಅದನ್ನ ವಾಪಸ್ ತಗೋತೀನಿ. ಅದು ನಾನು ಕೊಟ್ಟಿದ್ದಲ್ಲ, ಕಾಯಿಲೆ ಕೊಟ್ಟಿದ್ದು. ಈಗ ನಿಮ್ಮನ್ನ ನೋಡಿದ್ರೆ... ಎದೇಲಿ ಏನೂ ಆಗ್ತಿಲ್ಲ."

ಅವನು ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡ.

"ಏನೂ ಆಗದೇ ಇರೋದೇ ಒಳ್ಳೇದು ಮೇಡಂ. ಅದಕ್ಕೇ ತಾನೇ ಅಷ್ಟು ಕಷ್ಟಪಟ್ಟಿದ್ದು," ಎಂದು ನಗಲು ನೋಡಿದ. ನಗು ತುಟಿಯ ತನಕ ಬರಲಿಲ್ಲ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ಆಮೇಲೆ ಲಿಫ್ಟು ಕೆಟ್ಟಾಗ ಬೇರೆ ಯಾರೋ ಬಂದರು.

ಅವಳ ಎದೆ ಸರಿಯಾಗೇ ಬಡಿಯುತ್ತಿತ್ತು. ಮೆಟ್ಟಿಲು ಹತ್ತಿದರೂ ಏದುಸಿರಿಲ್ಲ, ಹೊಲಿಯುತ್ತಾ ಕೂತರೂ ಸುಸ್ತಿಲ್ಲ. ಆದರೆ ಮೆಟ್ಟಿಲ ಬಳಿ ಕಬ್ಬಿಣದ ಸದ್ದಾದರೆ ಸಾಕು, ಮಷೀನಿನ ಮೇಲಿನ ಕಾಲು ತಾನಾಗಿ ನಿಲ್ಲುತ್ತಿತ್ತು. ನಗುವಂಥದ್ದೇನಾದರೂ ನಡೆದರೆ, 'ಇದನ್ನ ಅವರಿಗೆ ಹೇಳಬೇಕು' ಅನ್ನಿಸಿ, ಮರುಕ್ಷಣ ಅವರು ಬರುವುದಿಲ್ಲವೆಂಬುದು ನೆನಪಾಗುತ್ತಿತ್ತು.

ಗುಂಡಿಗೆ ಹೊಸ ಅಭ್ಯಾಸವೊಂದು ಶುರುವಾಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅಮ್ಮನ ಎದೆಗೆ ಕಿವಿಯಿಟ್ಟು ಮಲಗುವಳು.

"ಏನಂತೆ ಡಾಕ್ಟ್ರೇ?"

"ಸರಿಯಾಗಿದೆ." ಆಮೇಲೆ ಮೆಲ್ಲಗೆ, "ಅಮ್ಮಾ..."

"ಏನು ಕಂದಾ?"

"ಏನಿಲ್ಲ."

ಅವಳ ಬಾಯಲ್ಲಿ ಏನೋ ಪ್ರಶ್ನೆಯಿದೆ ಎಂದು ತಾಯಿಗೆ ಗೊತ್ತಾಗುತ್ತಿತ್ತು. ಒತ್ತಾಯಿಸಲಿಲ್ಲ. ಹಣ್ಣಾಗದ ಮಾತನ್ನು ಕೀಳಬಾರದು ಎಂದು ಸುಮ್ಮನೆ ತಲೆ ಸವರುವಳು.

ತಪಾಸಣೆಯ ದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಗ್ರಾಫ್ ನೋಡಿ ಡಾಕ್ಟರಮ್ಮನಿಗೆ ಖುಷಿಯಾಯಿತು. ಏಳುವ ಮುಂಚೆ ಅವಳು ತಡವರಿಸುತ್ತಾ ಕೇಳಿದಳು.

"ಡಾಕ್ಟ್ರೇ... ತುಂಬಾ ಇಷ್ಟವಾದವರು ಎದುರಿಗೆ ಬಂದ್ರೂ ಎದೆ ಜೋರಾಗಿ ಬಡೀದೇ ಇದ್ರೆ... ಇಷ್ಟ ಹೋಯ್ತು ಅಂತಾನಾ?"

ಡಾಕ್ಟರಮ್ಮ ಕನ್ನಡಕ ತೆಗೆದು ನಕ್ಕರು.

"ಅಲ್ಲಮ್ಮಾ, ನಾನು ಕೊಟ್ಟಿರೋದೇ ಬಡಿತ ನಿಧಾನ ಮಾಡೋ ಮಾತ್ರೆ! ಅದು ಹೊಟ್ಟೇಲಿದ್ರೆ ಎದುರಿಗೆ ಹುಲಿ ಬಂದ್ರೂ ಎದೆ ನಿಧಾನಕ್ಕೇ ಯೋಚನೆ ಮಾಡುತ್ತೆ. ನಾನು ನೋಡ್ಕೊಳ್ಳೋದು ನಾಡಿ ಒಂದನ್ನೇ. ಯಾರು ಇಷ್ಟ ಅನ್ನೋದನ್ನ ನೀವೇ ನೋಡ್ಕೋಬೇಕು." ಆಮೇಲೆ ಗಂಭೀರವಾದರು. "ಇನ್ನೊಂದು ಮಾತು. ಇದು ಕೆಲವರಿಗೆ ಮತ್ತೆ ಬರಬಹುದು. ಬಂದ್ರೆ ಹೆದರಬೇಡಿ, ತಡಾನೂ ಮಾಡಬೇಡಿ. ಕೂಡಲೇ ಬನ್ನಿ."

ಗುಂಡಿಯ ಕೈ ಅಮ್ಮನ ಬೆರಳುಗಳನ್ನು ಗಟ್ಟಿಯಾಗಿ ಹಿಡಿಯಿತು.

ಮನೆಗೆ ಬಂದಾಗ ಕೆಳಗೆ ಲಿಫ್ಟಿನ ಬಾಗಿಲು ತೆರೆದೇ ಇತ್ತು. ಒಳಗೆ ಅವನು! ಬಟನ್‌ಗಳ ತಗಡು ಬಿಚ್ಚಿ ತಂತಿ ಬಿಗಿಯುತ್ತಿದ್ದವನು ತಬ್ಬಿಬ್ಬಾಗಿ ಎದ್ದು ನಿಂತ.

"ಇಲ್ಲಿಗೆ ಬರೋ ಹೊಸಬರು ಇವತ್ತು ರಜೆ, ಅದಕ್ಕೇ ನಾನು... ಈ ಹೊತ್ತಲ್ಲಿ ನೀವು ಸಿಗಲ್ಲ ಅಂದ್ಕೊಂಡೆ... ಬನ್ನಿ, ಬನ್ನಿ. ಸರಿಹೋಯ್ತು."

ಮೂವರನ್ನೂ ಹೊತ್ತು ಲಿಫ್ಟು ಏರತೊಡಗಿತು. ಅವನೇ ಮೊದಲು ಮಾತೆತ್ತಿದ.

"ಇನ್ಮೇಲೆ ಈ ಕಡೆ ನಾನು ಬರಲ್ಲ ಮೇಡಂ. ಊರಿನ ಆ ತುದಿಗೆ ಹಾಕಿ ಅಂತ ನಾನೇ ಕೇಳ್ಕೊಂಡೆ. ಹೊಸಬರು ಚೆನ್ನಾಗಿ ಕೆಲಸ ಮಾಡ್ತಾರೆ."

ಐದನೇ ಮಹಡಿ ಬಂತು. ಗುಂಡಿ ಇಳಿದಳು. ಅವಳೂ ಒಂದು ಹೆಜ್ಜೆ ಇಟ್ಟಳು, ಹೊಸ್ತಿಲ ಮೇಲೆಯೇ ನಿಂತುಬಿಟ್ಟಳು. ಮುಚ್ಚಲು ಬಂದ ಬಾಗಿಲು ಅವಳ ಭುಜಕ್ಕೆ ತಾಗಿ ಹಿಂದೆ ಸರಿಯಿತು.

"ಮೇಡಂ, ಬಾಗಿಲು..."

"ಬಾಗಿಲು ಇರ್ಲಿ. ನನ್ನ ಮಾತು ಕೇಳಿ." ಅವಳ ದನಿ ನಡುಗುತ್ತಿತ್ತು. ಎದೆ ನಡುಗುತ್ತಿರಲಿಲ್ಲ. "ಅವತ್ತು ನಾನು ತಪ್ಪು ಕಡೆ ಕಿವಿ ಕೊಟ್ಟೆ. ಎದೆ ಓಡಿದ್ರೆ ಇಷ್ಟ, ನಿಂತ್ರೆ ಇಲ್ಲ ಅಂದ್ಕೊಂಡೆ. ನೀವು ಬರೋದು ನಿಂತ ಮೇಲೆ ಎದೆ ಆರಾಮಾಗೇ ಇದೆ... ನಾನೇ ಆರಾಮಾಗಿಲ್ಲ. ಮೊದಲು ಗಡಿಬಿಡೀಲಿ ಹೇಳಿದ್ದೆ. ಈಗ ಸಮಾಧಾನವಾಗಿ, ನಿಂತ್ಕೊಂಡು ಹೇಳ್ತಿದೀನಿ. ನೀವು ನನಗೆ ಬೇಕು."

ಬಾಗಿಲು ಮತ್ತೆ ಬಂದು, ಮತ್ತೆ ತಾಗಿ, ಮತ್ತೆ ಹಿಂದೆ ಹೋಯಿತು.

ಕೆಳಗಿನಿಂದ ಯಾರೋ ಕೂಗಿದರು. "ಯಾರ್ರೀ ಅದು ಲಿಫ್ಟ್ ಹಿಡ್ಕೊಂಡಿರೋದು?"

"ಸ್ವಲ್ಪ ಇರ್ರೀ! ರಿಪೇರಿ ನಡೀತಿದೆ!" ಎಂದು ಅವಳೇ ಕೂಗಿ ಹೇಳಿದಳು.

ಅವನಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡ. ಕೆನ್ನೆಯ ಮೇಲೆ ಗ್ರೀಸಿನ ಗೆರೆ ಮೂಡಿತು.

"ನನಗೆ ಒಂದೇ ಹೆದರಿಕೆ ಮೇಡಂ. ಎಲ್ಲಾ ಸರಿ ಇದ್ದಾಗ ನನ್ನನ್ನ ಯಾರೂ ಕರೆಯೋದೇ ಇಲ್ಲ. ಏನಾದ್ರೂ ಕೆಟ್ಟ್ರೇನೇ ನನ್ನ ನೆನಪಾಗೋದು."

"ಕರೀದೇ ಇದ್ರೂ ಬನ್ನಿ," ಅಂದಳು ಅವಳು, ಸೆರಗಿನ ತುದಿಯಿಂದ ಅವನ ಕೆನ್ನೆ ಒರೆಸುತ್ತಾ. "ಎಲ್ಲಾ ಸರಿ ಇದ್ದಾಗಲೇ ಬನ್ನಿ. ಮತ್ತೆ, ಇನ್ಮೇಲೆ ಮೇಡಂ ಅನ್ನಬೇಡಿ."

"ಸರಿ ಮೇಡಂ."

ಅವಳು ನಕ್ಕಳು. ಅವನು ಚೀಲ ಎತ್ತಿಕೊಂಡು ಲಿಫ್ಟಿನಿಂದ ಹೊರಗೆ ಬಂದ. ಇಷ್ಟು ಹೊತ್ತು ಕಾದಿದ್ದ ಬಾಗಿಲು ನಿಟ್ಟುಸಿರು ಬಿಟ್ಟು ಮುಚ್ಚಿಕೊಂಡಿತು.

ಗುಂಡಿ ಮಾತ್ರ ನಗಲಿಲ್ಲ. ಗೋಡೆಗೆ ಒರಗಿ ಇಬ್ಬರನ್ನೂ ನೋಡುತ್ತಿದ್ದಳು. ಅವನು ಚೀಲ ಕೆಳಗಿಟ್ಟು ಅವಳ ಎದುರು ಮಂಡಿಯೂರಿ ಕೂತ.

"ಯಾಕೋ ನಮ್ಮ ಗುಂಡಿ ಮಾತೇ ಆಡ್ತಿಲ್ಲ? ಹೇಳು ಪುಟ್ಟಾ."

ಮೆಟ್ಟಿಲ ತಿರುವಿನಲ್ಲಿ ಹೊರಬರದ ಅಳು ಈಗ ಕಣ್ಣಿಗೆ ಬಂತು. ಒಂದು ಕೈಯಲ್ಲಿ ಅಮ್ಮನನ್ನೂ ಇನ್ನೊಂದು ಕೈಯಲ್ಲಿ ಅವನ ಗ್ರೀಸು ಮೆತ್ತಿದ ಬೆರಳನ್ನೂ ಹಿಡಿದುಕೊಂಡು, ಇಷ್ಟು ದಿನ ನುಂಗಿಕೊಂಡಿದ್ದ ಮಾತನ್ನು ಹೊರಗೆ ಹಾಕಿದಳು.

"ಅಮ್ಮನ ಎದೆ ಮತ್ತೆ ಹಾಗಾದ್ರೆ... ಆಗ ನಾನೊಬ್ಬಳೇ ಇರಲ್ಲ ಅಲ್ವಾ? ನೀವೂ ನಮ್ಮ ಮನೇಲೇ ಇರ್ತೀರಾ?"