ಮಾನ್ವಿ ಹರಾಜಿನ ಟೈಪ್‌ರೈಟರ್

ದಿನಾಂಕ 18-4-1978, ಮಂಗಳವಾರ, ಮಧ್ಯಾಹ್ನ 2-40ಕ್ಕೆ ದೇವದುರ್ಗ ಠಾಣೆಗೆ ಒಬ್ಬ ಮನುಷ್ಯ ಅಳುತ್ತ ಬಂದ. ಅಂಥಿಂಥ ಅಳುವಲ್ಲ. ಆ ಕಣ್ಣೀರನ್ನು ಕೃಷ್ಣೆಗೆ ಬಿಟ್ಟಿದ್ದರೆ ಆ ಬೇಸಿಗೆಯಲ್ಲೂ ದೋಣಿಗಳು ಓಡುತ್ತಿದ್ದವು. ಹೆಡ್ ಕಾನ್‌ಸ್ಟೇಬಲ್ ಯಂಕೋಬ ಎಲ್ಲೋ ಹೆಣ ಬಿದ್ದಿರಬೇಕೆಂದು ಟೊಪ್ಪಿಗೆ ಹಾಕಿಕೊಂಡು ಎದ್ದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನ ಮೀಸೆ ನೋಡಿಯೇ ನಾನೂರು ಕಳ್ಳರು ಶರಣಾಗಿದ್ದರು. ಮೀಸೆ ಠಾಣೆಯೊಳಗೆ ಬಂದು ಐದು ನಿಮಿಷವಾದ ಮೇಲೆ ಯಂಕೋಬ ಬರುತ್ತಾನೆಂದು ಊರಿನಲ್ಲಿ ಮಾತಿತ್ತು. ಆ ಮಾತು ಹುಟ್ಟಿಸಿದವನೂ ಯಂಕೋಬನೇ.

"ಯಾರು ಸತ್ರೋ?"

"ನನ್ನ ಮಷೀನ್ ಹೋತ್ರಿ ಯಪ್ಪಾ! ಟೈಪ್ ಮಷೀನ್!"

ಅಳುತ್ತಿದ್ದವನು ಉರುಕುಂದಪ್ಪ. ತಾಲೂಕು ಕಚೇರಿ ಎದುರಿನ ಬೇವಿನ ಮರದ ಕೆಳಗೆ ಕೂತು ಹನ್ನೊಂದು ವರ್ಷ ಮಂದಿಯ ಅರ್ಜಿಗಳನ್ನು ಕೈಯಲ್ಲಿ ಬರೆದವನು. ಜನವರಿಯಲ್ಲಿ ಮಾನ್ವಿಯ ಒಂದು ಸರಕಾರಿ ಕಚೇರಿ ತನ್ನ ಹಳೆಯ ಸಾಮಾನು ಹರಾಜಿಗಿಟ್ಟಾಗ ಮೂಲೆಯಲ್ಲಿದ್ದ ಕನ್ನಡ ಟೈಪ್‌ರೈಟರ್ ಹಿಡಿದಿದ್ದ. ರಾಯಚೂರಿನ ಮೆಕ್ಯಾನಿಕ್ ಬುರ್ಹಾನುದ್ದೀನ್ ಮೂರು ತಿಂಗಳು ಇಟ್ಟುಕೊಂಡು ಅದಕ್ಕೆ ಜೀವ ತುಂಬಿದ. ಉರುಕುಂದಪ್ಪ ಗಿಳಿಹಸಿರು ಬಣ್ಣ ಬಳಿಸಿದ, ಮುಂದೆ ಹಳದಿ ಅಕ್ಷರದಲ್ಲಿ 'ಉರುಕುಂದ ಈರಣ್ಣ ಪ್ರಸನ್ನ' ಎಂದು ಬರೆಸಿದ. ಹೆಂಡತಿ ಭೀಮವ್ವ ಅದಕ್ಕೊಂದು ಪುಟ್ಟ ಕೌದಿ ಹೊಲಿದು ಹೊದಿಸಿದಳು. ಹಸುಗೂಸಿಗೂ ಆ ಊರಿನಲ್ಲಿ ಅಂಥ ಉಪಚಾರವಿರಲಿಲ್ಲ. ಹೀಗೆ ಒಂಬತ್ತು ದಿನ ಬಾಳಿದ ಮಷೀನು ಇಂದು ಅವನು ಊಟಕ್ಕೆ ಹೋಗಿ ಬರುವುದರೊಳಗೆ ಕೌದಿ ಸಮೇತ ಮಾಯವಾಗಿತ್ತು.

ಸಬ್ ಇನ್ಸ್‌ಪೆಕ್ಟರ್ ಮಲ್ಲಯ್ಯ ಮಾತನ್ನು ರೇಷನ್ ಸಕ್ಕರೆಯಂತೆ ಅಳೆದು ಕೊಡುವ ಮನುಷ್ಯ. "ಎಫ್‌ಐಆರ್ ಬರಿ," ಎಂದಷ್ಟೇ ಹೇಳಿದರು. ಅಪರಾಧ ಸಂಖ್ಯೆ 31/78, ಕಲಂ 379, ಕಳವು.

3-30ಕ್ಕೆ ಬೇವಿನ ಮರದ ಕೆಳಗೆ ಸ್ಥಳ ಪಂಚನಾಮೆ ನಡೆಯಿತು. ಮೇಜು ಇತ್ತು, ಕುರ್ಚಿ ಇತ್ತು, ಹಾಳೆಗಳ ಮೇಲೆ ಇಟ್ಟ ಕಲ್ಲೂ ಇತ್ತು. ಪಕ್ಕದಲ್ಲಿ ಜೈಬುನ್ನೀಸಾಳ ಚಹಾದಂಗಡಿ. ಅವಳ ಚಹಾದ ಬಿಸಿಗೆ ಅಂಜಿ ನೊಣಗಳು ಸಹ ಊರು ಬಿಟ್ಟಿದ್ದವು.

"ಯಾರು ಬಂದಿದ್ರು?" ಮಲ್ಲಯ್ಯ ಕೇಳಿದರು.

"ಒಬ್ಬಾತ ಬಂದಿದ್ದ ಸಾಬ್. ಇಂಥ ಬಿಸಲಾಗ ಶಾಲು ಹೊದ್ದಿದ್ದ."

"ವಯಸ್ಸು?"

"ಐವತ್ತು ದಾಟ್ಯಾವ. ಇಸ್ತ್ರಿ ಅಂಗಿ. ಸರಕಾರಿ ಮನಶ್ಯಾನ ಹಂಗಿದ್ದ."

"ಏನು ಮಾಡಿದ?"

"ಚಾ ಕುಡದ. ನನ್ನ ಚಾ ಸುಡ್ತದ ಅಂತ ತಾಲೂಕು ಮಂದಿಯೆಲ್ಲ ಬೈತಾರ್ರಿ, ಈ ಯಂಕೋಬಣ್ಣನೂ ಬೈತಾನ. ಆತ ಒಬ್ಬನಾ ಬೈಲಿಲ್ಲ. ಒಲಿಯಿಂದ ಇಳಿಸಿ ಸುರದಿದ್ದ ಗ್ಲಾಸು ಎರಡೂ ಅಂಗೈಯಾಗ ಅಮುಕಿ ಹಿಡಕೊಂಡು ಕುಂತ. ಆಮ್ಯಾಲ ಎದ್ದು, ಮಷೀನ್ ಎತ್ತಿ ಎದಿಗೆ ಅಪ್ಪಿಕೊಂಡು ಬಸ್ ಸ್ಟ್ಯಾಂಡ್ ಕಡಿಗೆ ಹೋದ. ಅದೇನು ಕಳ್ಳನ ನಡಿಗಿ ಅಲ್ಲ ಬಿಡ್ರಿ. ಉರುಕುಂದಪ್ಪನ ಬೀಗರು ಇರಬೇಕು ಅನಕೊಂಡೆ."

"ಮಂತ್ರಗಾರ ಇರಬೇಕ್ರಿ ಸಾಹೇಬ್ರ," ಎಂದ ಯಂಕೋಬ. "ಬೆಂಕಿ ನುಂಗೋ ಅಂಥ ಒಬ್ಬಾತನ್ನ ನಾನು ಗಿಲ್ಲೆಸುಗೂರಿನಾಗ ಹಿಡದಿದ್ದೆ."

ಮಲ್ಲಯ್ಯ ಚಹಾದ ಮಾತನ್ನು ಮಾತ್ರ ಡೈರಿಯಲ್ಲಿ ಬರೆದುಕೊಂಡರು.

ದಿನಾಂಕ 19, ಬೆಳಿಗ್ಗೆ 10-15. ರಾಯಚೂರಿನ ಬುರ್ಹಾನುದ್ದೀನನ ಅಂಗಡಿ. ಸತ್ತ ಟೈಪ್‌ರೈಟರುಗಳು ಮಾಡಿನವರೆಗೆ ಒಟ್ಟಿದ್ದವು. ಒಂದು ಎಳೆದರೆ ಅರ್ಧ ರಾಯಚೂರು ಕುಸಿಯುತ್ತಿತ್ತು.

"ಆ ಮಷೀನ್ ಕೇಳಿಕೊಂಡು ಯಾರಾದ್ರೂ ಬಂದಿದ್ರೇನು?" ಮಲ್ಲಯ್ಯ ಕೇಳಿದರು.

"ಮಾರ್ಚ್‌ದಾಗ ಒಬ್ಬ ಬಂದಿದ್ದ ಸಾಬ್. ಮಷೀನ್ ನನಗ ಮಾರು ಅಂದ. ಇನ್ನೊಬ್ಬರ ಮಾಲು ನಾ ಹೆಂಗ ಮಾರ್ಲಿ? ದೇವದುರ್ಗದ ಉರುಕುಂದಪ್ಪನ್ನ ಕೇಳು ಅಂದೆ."

"ಮಷೀನ್ ನೋಡಿದನೇನು?"

"ಇಲ್ಲ. ಎಲ್ಲಾ ಬಿಚ್ಚಿ ಸೀಮೆಎಣ್ಣ್ಯಾಗ ಹಾಕಿದ್ದೆ."

"ಬಂದಾಗ ಹೆಂಗಿತ್ತು?"

ಬುರ್ಹಾನುದ್ದೀನ್ ಗಹಗಹಿಸಿ ನಕ್ಕ. "ಮಷೀನ್ ಅಲ್ಲ ಸಾಬ್, ಚಪ್ಪಲ್ ದುಕಾನ್! ಹದಿನಾಲ್ಕು ಕೀಲಿ ಮ್ಯಾಲ ಸೈಕಲ್ ಟ್ಯೂಬಿನ ರಬ್ಬರ್, ಪದರ ಪದರ ಅಂಟಿಸಿದ್ರು. ಒಂದು ಎತ್ತರ, ಒಂದು ಗಿಡ್ಡ, ನಡುವ ತಗ್ಗು. ಯಾವ ಹುಚ್ಚನ ಕೆಲಸವೋ. ಎರಡು ದಿನ ಕೆರೆದು ಕೆರೆದು ಚರಂಡಿಗೆ ಒಗದೆ. ಕನ್ನಡಿ ಹಂಗ ಮಾಡಿ ಕೊಟ್ಟೀನಿ."

ಮಲ್ಲಯ್ಯ ಅಲ್ಲಿದ್ದ ಇನ್ನೊಂದು ಮಷೀನಿನ ಮುಂದೆ ಕೂತರು. ಎರಡೂ ಕೈಗಳ ಕಿರುಬೆರಳು, ಉಂಗುರಬೆರಳುಗಳನ್ನು ಒಳಕ್ಕೆ ಮಡಚಿಕೊಂಡು ಕೀಲಿಗಳ ಮೇಲಿಟ್ಟರು. ಮಡಚಿದ ಬೆರಳು ಕೀಲಿಗೆ ಎಟುಕಲಿಲ್ಲ.

"ಕೀಲಿ ಎತ್ತರ ಇದ್ದಿದ್ರ?"

ಬುರ್ಹಾನುದ್ದೀನ್ ಬಗ್ಗಿ ನೋಡಿದ. ಅವನ ನಗು ಹಾಗೇ ನಿಂತಿತು. "ಎಟುಕ್ತಿತ್ತು ಸಾಬ್," ಎಂದ. ಚರಂಡಿಯ ಕಡೆ ನೋಡಿ, "ಯಾ ಅಲ್ಲಾ. ನಾನು ಹೊಲಸು ಅನಕೊಂಡಿದ್ದೆ," ಎಂದ.

ದಿನಾಂಕ 20, ಬೆಳಿಗ್ಗೆ 11. ಉರುಕುಂದಪ್ಪನ ಹರಾಜು ರಸೀದಿ ಹಿಡಿದು ಮಲ್ಲಯ್ಯ, ಯಂಕೋಬ ಇಬ್ಬರೂ ಮಾನ್ವಿಯ ಆ ಕಚೇರಿಗೆ ಹೋದರು. ಹೆಡ್ ಕ್ಲರ್ಕ್ ಎಲೆ ಅಡಿಕೆ ಉಗುಳಿ ಬಂದು ಕೂತ.

"ಆ ಮಷೀನ್ ಯಾರು ಹೊಡೀತಿದ್ರು?"

"ನಮ್ಮ ಬೂದೆಪ್ಪ. ಆತನ ಹಂಗ ಟೈಪ್ ಮಾಡೋರು ಜಿಲ್ಲಾದಾಗಿಲ್ಲ ಬಿಡ್ರಿ. ಆದ್ರ ಮಷೀನಿಗೆ ಯಾರಿಗೂ ಕೈ ಹಚ್ಚಗೊಡ್ತಿದ್ದಿಲ್ಲ."

"ಬೆರಳಿಗೆ ಏನಾಗ್ಯಾದ?"

"ಗಾಡಿ ಗಾಲಿಗೆ ಸಿಕ್ಕು ಮಡಚ್ಯಾವ ಅಂತ ಹೇಳ್ತಿದ್ದ."

"ಈಗ ಎಲ್ಲಿದಾನ?"

"ಹೊಸ ಮಷೀನ್ ಬಂದಾಗಿಂದ ರಜಾ. ಒಂದು ದಿನ ಕುಂತಿದ್ರಿ. ಬೆರಳು ಕೀಲಿ ಸಂದಿಗೆ ಜಾರಿ ಚರ್ಮ ಕಿತ್ತು ಬಂತು. ಹಾಳಿ ತುಂಬ ರಕ್ತ! ನಾನು ಕೂಗಿದ ಮ್ಯಾಲ ಆತಗ ಗೊತ್ತಾತು ನೋಡ್ರಿ. ಕೆಲಸದಾಗ ಅಷ್ಟು ಮೈಮರೀತಿದ್ದ."

ಹೊರಗೆ ಬಂದಾಗ ಯಂಕೋಬ ಕೇಳಿದ. "ಸಾಹೇಬ್ರ, ಚಾ ಸುಡಲಿಲ್ಲ, ರಕ್ತ ಬಂದದ್ದು ತಿಳೀಲಿಲ್ಲ. ಇದು ಮಂತ್ರ ಅಲ್ಲ, ಅಲ್ಲೇನ್ರಿ?"

"ಅಲ್ಲ. ಕೈಯಾಗ ಸ್ಪರ್ಶ ಇಲ್ಲ. ಕುಷ್ಠ."

ನಾನೂರು ಕಳ್ಳರನ್ನು ನಡುಗಿಸಿದ ಯಂಕೋಬ ಆಮೇಲೆ ಒಂದು ಫರ್ಲಾಂಗು ತನ್ನ ಅಂಗೈಗಳನ್ನೇ ಚಿವುಟಿ ನೋಡಿಕೊಳ್ಳುತ್ತ ನಡೆದ.

ಮಾನ್ವಿ ಠಾಣೆಗೆ ತಿಳಿಸಿ, ಅವರ ಜೀಪು ಮತ್ತು ಇಬ್ಬರು ಪಂಚರೊಂದಿಗೆ 12-50ಕ್ಕೆ ಬೂದೆಪ್ಪನ ಮನೆ ತಲುಪಿದರು. ಹಗಲಲ್ಲೂ ಬಾಗಿಲು ಹಾಕಿತ್ತು. ಸಂದಿಯಿಂದ ಪಂಕ್ಚರ್ ಸಲ್ಯೂಷನ್ನಿನ ವಾಸನೆ ಬರುತ್ತಿತ್ತು. ಬಾಗಿಲು ತೆರೆದವಳು ಹೆಂಡತಿ ಚನ್ನಮಲ್ಲಮ್ಮ. ಖಾಕಿ ನೋಡಿ ಪಕ್ಕಕ್ಕೆ ಸರಿದಳು.

ಒಳಗೆ ನೆಲದ ಮೇಲೆ ಬೂದೆಪ್ಪ ಕೂತಿದ್ದ. ಮುಂದೆ ಗಿಳಿಹಸಿರು ಮಷೀನು, ಬದಿಗೆ ಕೌದಿ, ಕತ್ತರಿಸಿದ ಟ್ಯೂಬು, ಕೆಂಡದ ಬಟ್ಟಲಲ್ಲಿ ರಬ್ಬರ್ ಕೊಯ್ಯುವ ಚಾಕು. ಆರು ಕೀಲಿಗಳಿಗೆ ರಬ್ಬರ್ ಕೂತಿತ್ತು. ಅವನ ತೋರುಬೆರಳಿನ ಮೇಲೆ ನೆಲ್ಲಿಕಾಯಿ ಗಾತ್ರದ ಬೊಬ್ಬೆ ಎದ್ದಿತ್ತು, ಅವನಿನ್ನೂ ಅದನ್ನು ನೋಡಿರಲಿಲ್ಲ.

ಯಂಕೋಬ ರೂಢಿಯಂತೆ ಬೇಡಿ ತೆಗೆದ. ಆ ಕೈಗಳನ್ನು ಕಂಡು ಹಿಂದೆ ಸರಿದು ಬಾಗಿಲ ಚೌಕಟ್ಟಿಗೆ ಬೆನ್ನು ಬಡಿಸಿಕೊಂಡ. ಪಂಚರು ಅಂಗಳ ದಾಟಲಿಲ್ಲ, ಕಳ್ಳನ ಮನೆಗೆ ಕಾಲಿಡುವುದಿಲ್ಲ, ಕಿಟಕಿಯಿಂದಲೇ ಮಷೀನು ನೋಡುತ್ತೇವೆಂದರು. ಮಲ್ಲಯ್ಯ ಮಾತ್ರ ಬೂದೆಪ್ಪನ ಎದುರು ನೆಲದ ಮೇಲೆ ಕೂತು, ಸುಟ್ಟ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು.

"ಎಷ್ಟು ವರ್ಷಾತು?"

"ಒಂಬತ್ತು."

"ಔಷಧ?"

"ಗುಳಿಗಿ ತಗೋತೀನ್ರಿ. ಹೈದರಾಬಾದಿಗೆ ಹೋಗಿ ತರ್ತೀನಿ. ಇಲ್ಲಿ ತಗೊಂಡ್ರ ಊರಿಗೆ ಗೊತ್ತಾಗ್ತದ."

"ನೌಕರಿ?"

"ಹತ್ತು ತಿಂಗಳು ಉಳದದ. ಹೊಸ ಮಷೀನಿನ ಮ್ಯಾಲ ಕೈ ನಡ್ಯಂಗಿಲ್ರಿ. ಯಾಕ ನಡ್ಯಂಗಿಲ್ಲ ಅಂತ ಕೇಳ್ತಾರ. ಡಾಕ್ಟರ್ ಮುಂದ ನಿಲ್ಲಸ್ತಾರ. ಈ ಮಷೀನ್ ಇದ್ರ ಮನ್ಯಾಗ ಹೊಡದು ಕಚೇರಿಗೆ ಒಯ್ದು ಕೊಡಬೌದು ಅನಕೊಂಡಿದ್ದೆ." ಅವನು ಮಷೀನಿನ ಕಡೆ ನೋಡಿದ. "ಒಂದೊಂದು ಕೀಲಿಗೆ ತಿಂಗಳುಗಟ್ಟಲೆ ಹಿಡದು ರಬ್ಬರ್ ಹೊಂದಿಸಿದ್ದೆ, ನನ್ನ ಬೆರಳು ಎಷ್ಟು ಮಡಚ್ತಾವೋ ಅಷ್ಟಕ್ಕ. ಎದಿಗೆ ಅಪ್ಪಿಕೊಂಡು ಬಂದೆ. ಕೌದಿ ತೆಗೆದು ನೋಡಿದ್ರ ಅದರ ಕೀಲಿ ನುಣ್ಣಗ ಹೊಳಿಯಾಕತ್ತಿದ್ದವು. ನಾ ಕದ್ದದ್ದು ಬ್ಯಾರೆಯವರ ಮಷೀನಾ ಆಗಿತ್ರಿ."

1-20ಕ್ಕೆ ಜಪ್ತಿ ಪಂಚನಾಮೆ ಶುರುವಾಯಿತು. ಯಂಕೋಬ ಹೊಸ್ತಿಲ ಮೇಲೆ ಕೂತು ಬರೆದ. ಟೈಪ್‌ರೈಟರ್ ಒಂದು, ಕೌದಿ ಒಂದು, ಚಾಕು ಒಂದು. ಕಳವಿಗೆ ಕಾರಣ ಬರೆಯುವಲ್ಲಿ ಅವನ ಪೆನ್ನು ನಿಂತಿತು.

ಬೂದೆಪ್ಪ ಮಲ್ಲಯ್ಯನವರ ಕಡೆ ಬಗ್ಗಿದ. "ಸಾಹೇಬ್ರ, ಕಳ್ಳ ಅಂತ ಬರಕೊಳ್ರಿ. ಹಂತಾ ಕಳ್ಳ ಇಲ್ಲ ಅಂತ ಬರಕೊಳ್ರಿ. ಬ್ಯಾನಿ ಹೆಸರು ಮಾತ್ರ ಕಾಗದದ ಮ್ಯಾಲ ಬ್ಯಾಡ್ರಿ. ನಾನು ಜೇಲಿನಾಗ ಇರ್ತೀನಿ, ಈಕಿ ಇಲ್ಲೇ ಇರಬೇಕು. ನಾಳಿ ಬಾವ್ಯಾಗ ನೀರು ಸೇದಗೊಡಂಗಿಲ್ಲ ಈಕಿಗೆ."

ಮಲ್ಲಯ್ಯ ಕೌದಿ ಎತ್ತಿ ಮಷೀನಿಗೆ ಹೊದಿಸಿದರು.

"ದುರಾಸೆ ಅಂತ ಬರಿ, ಯಂಕೋಬ."

ಯಂಕೋಬ ಬರೆದ. ಆಮೇಲೆ ಬೇಡಿಯನ್ನು ಚೀಲಕ್ಕೆ ಹಾಕಿ, ಗೂಟಕ್ಕಿದ್ದ ಶಾಲು ತೆಗೆದು, ಬೂದೆಪ್ಪನ ಎರಡೂ ಕೈಗಳಿಗೆ ತಾನೇ ಸುತ್ತಿದ. ಆ ಕೈಗಳನ್ನು ಬಿಡದೆ ಹಿಡಿದು ಅವನನ್ನು ಹೊರಗೆ ಕರೆತಂದ.

ಹೊರಗೆ ಓಣಿಯೆಲ್ಲ ನೆರೆದಿತ್ತು. ಗುಂಪಿನೊಳಗಿಂದ ಒಬ್ಬ ಹೆಂಗಸು ಕೇಳಿದಳು. "ಕೈಗೆ ಯಾಕ ಬಟ್ಟಿ ಸುತ್ಯಾರ? ಕೈಗೆ ಏನಾಗ್ಯಾದ?"

ಚನ್ನಮಲ್ಲಮ್ಮನ ದನಿಯನ್ನು ಆ ಓಣಿ ಮೂವತ್ತು ವರ್ಷದಲ್ಲಿ ಕೇಳಿದ್ದೇ ಇಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲ ನಡುವೆ ಬಂದು ನಿಂತಳು.

"ಬೇಡಿ ಹಾಕ್ಯಾರವ್ವಾ, ಅದಕ್ಕ ಸುತ್ಯಾರ! ನನ್ನ ಗಂಡ ಕಳ್ಳ! ದೇವದುರ್ಗದಾಗ ಮಷೀನ್ ಕದ್ದು ಬಂದಾನ! ಎಲ್ಲಾರೂ ಕೇಳ್ರಿ, ಕಳ್ಳ ಅದಾನ ನನ್ನ ಗಂಡ!"

ಜೀಪು ಓಣಿ ತಿರುಗಿದ ಮೇಲೂ ಅವಳು ಕೂಗುತ್ತಲೇ ಇದ್ದಳು.