ಆಯಿಯ ಹೆಸರಿನ ಲೇಬಲ್

ಲಕ್ಕವ್ವ ಗುಂಡಿಯನ್ನು ಮತ್ತೊಮ್ಮೆ ಒತ್ತಿದಳು. ಪ್ರಿಂಟರ್ ಸುಮ್ಮನೆ ಕೂತಿತ್ತು.

ಇಳಕಲ್ಲಿನ ಆ ನೇಕಾರರ ಸೊಸೈಟಿಗೆ ಕಂಪ್ಯೂಟರ್ ಬಂದದ್ದೇ ಈಚೆಗೆ. ಸೀರೆಗೆ ಅಂಟಿಸುವ ಲೇಬಲ್ಲನ್ನು ಈಗ ಅದೇ ಹೊಡೆಯುತ್ತಿತ್ತು. ಮೇಲೆ ಸೀರೆಯ ಬಣ್ಣ, ಕೆಳಗೆ ನೇಯ್ದವರ ಹೆಸರು. ಲಕ್ಕವ್ವನ ಮನೆಯ ಸೀರೆಗೆ ಯಾವಾಗಲೂ ಅಪ್ಪ ಬಾಬಣ್ಣನ ಹೆಸರೇ.

ಆದರೆ ಸೆರಗನ್ನು ಒಡಲಿಗೆ ಜೋಡಿಸುತ್ತಿದ್ದವಳು ಆಯಿ, ಅಪ್ಪನ ಅವ್ವ. ಎರಡೂ ಕಡೆಯ ಎಳೆಗಳನ್ನು ಕುಣಿಕೆಯೊಳಗೆ ಕುಣಿಕೆ ಹಾಕಿ ಸಿಗಿಸುವ ಕೆಲಸ ಅದು. ತೋಪ ತೆನಿ ಅನ್ನುತ್ತಾರೆ. ದೀಪಾವಳಿ ಮುಗಿಯುತ್ತಲೇ ಆಯಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಇನ್ನು ಆ ಕೈ ಏಳುವುದಿಲ್ಲ ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದ್ದರು.

ಆಯಿ ತೆನಿ ಕಟ್ಟಿದ ಕೊನೆಯ ಸೀರೆ ಇವತ್ತು ಹುಬ್ಬಳ್ಳಿಗೆ ಹೋಗುವುದಿತ್ತು. ಲಕ್ಕವ್ವ ಅದನ್ನು ತಂದುಕೊಟ್ಟು, ಕ್ಲಾರ್ಕ್ ಹುಲ್ಲಪ್ಪ ಕಾಕಾನ ಬೆನ್ನು ಹತ್ತಿದ್ದಳು.

"ಒಂದ ಸಲ ಆಯಿ ಹೆಸರ ಹಾಕ್ರಿ ಕಾಕಾ."

ಆಯಿ ಸೊಸೈಟಿಯ ಮೆಂಬರ್ ಅಲ್ಲ ಎಂದು ಕಾಕಾ ಮೊದಲು ಒಪ್ಪಲಿಲ್ಲ. ಆಮೇಲೆ ನಕ್ಕ.

"ಹೊರಗ ನಿಮ್ಮಪ್ಪನ ಹೆಸರಿಂದು ಹಚ್ಚೂಣು. ಒಳಮಡಿಕಿಗೆ ಆಯಿದೊಂದು. ಯಾರ್ ನೋಡ್ತಾರ? ಮ್ಯಾನೇಜರ್ ಸಾಹೇಬ್ರು ಬರೂದ್ರಾಗ ಹೊಡದಬಿಡು."

ಯಾವ ಗುಂಡಿ ಎಂದು ತೋರಿಸಿ, ಅವನು ಸೀರೆಯ ಗಂಟುಗಳನ್ನು ಗಾಡಿಗೆ ಹೇರಲು ಹೊರಗೆ ಹೋದ.

ಲಕ್ಕವ್ವ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ರತ್ನಾಬಾಯಿ ಎಂದು ಹೊಡೆದಳು. ಗುಂಡಿ ಒತ್ತಿದಳು. ಏನೂ ಬರಲಿಲ್ಲ. ಮಗ್ಗದಲ್ಲಿ ಲಾಳಿ ಸಿಕ್ಕಿಕೊಂಡರೆ ಅಪ್ಪ ಇನ್ನೊಮ್ಮೆ ಜಗ್ಗುತ್ತಿದ್ದ, ಅದು ಓಡುತ್ತಿತ್ತು. ಅವಳೂ ಹಾಗೇ ಇನ್ನೊಮ್ಮೆ ಒತ್ತಿದಳು. ಮತ್ತೆ ಒತ್ತಿದಳು. ಒತ್ತುತ್ತಲೇ ಇದ್ದಳು.

ಕಾಕಾ ಒಳಗೆ ಬಂದು, ಪ್ರಿಂಟರಿನ ದೀಪವೇ ಹತ್ತಿಲ್ಲವಲ್ಲ ಎಂದು ಸ್ವಿಚ್ ಅದುಮಿದ.

ಕರ್ರ್ ಎಂದು ಪ್ರಿಂಟರ್ ಕೂಗಿತು. ಆಯಿಯ ಹೆಸರು ಮೆಲ್ಲಗೆ ಮೇಲೆದ್ದು ಬಂತು. ಲಕ್ಕವ್ವ ಉಸಿರು ಹಿಡಿದು ನೋಡಿದಳು. ಅದರ ಹಿಂದೆ ಇನ್ನೊಂದು ಬಂತು. ಅದರ ಹಿಂದೆ ಮತ್ತೊಂದು. ಕಾಕಾ ಗಾಬರಿಯಾಗಿ ವೈರ್ ಕೀಳುವಷ್ಟರಲ್ಲಿ ಲೇಬಲ್ಲಿನ ಪಟ್ಟಿಯೇ ಮುಗಿದುಹೋಗಿತ್ತು.

"ಎಷ್ಟ ಸಲ ಒತ್ತಿದಿ?"

"ಬರ್ಲಿಲ್ಲಲ್ರಿ, ಅದಕ್ಕ..."

"ನೀ ಒತ್ತಿದ್ದೆಲ್ಲಾ ಅದು ಒಳಗ ಇಟ್ಕೊಂಡಿರ್ತೈತವಾ."

ಅಪ್ಪನ ಹೆಸರು ಹೊಡೆಯಲು ಒಂದು ಲೇಬಲ್ಲೂ ಉಳಿದಿರಲಿಲ್ಲ. ಹೊಸ ಪಟ್ಟಿ ಹುಬ್ಬಳ್ಳಿಯಿಂದಲೇ ಬರಬೇಕು. ಮ್ಯಾನೇಜರ್ ಬಂದರು, ಬೈಯಲಿಲ್ಲ. ಕೈಯಲ್ಲಿ ಬರೆದ ಲೇಬಲ್ಲಾಗಲಿ, ಮೆಂಬರ್ ಅಲ್ಲದವರ ಹೆಸರಾಗಲಿ ಇದ್ದರೆ ಅಲ್ಲಿ ಸೀರೆ ತೆಗೆದುಕೊಳ್ಳುವುದಿಲ್ಲ ಎಂದಷ್ಟೇ ಹೇಳಿದರು. ಉಳಿದವರ ಸೀರೆ ಹೊತ್ತು ಗಾಡಿ ಹೊರಟಿತು. ಹುಲ್ಲಪ್ಪ ಕಾಕಾ ಅವಳ ಮುಖ ನೋಡದೆ ಸೀರೆಯನ್ನೂ ಲೇಬಲ್ಲಿನ ಪಟ್ಟಿಯನ್ನೂ ಅವಳ ಕೈಗಿಟ್ಟ.

ಮನೆಯಲ್ಲಿ ಅಪ್ಪ ಅವಳ ಬಗಲಲ್ಲಿದ್ದ ಸೀರೆ ನೋಡಿದ. ಮಗ್ಗದ ಕುಣಿಯ ತಗ್ಗಿಗೆ ಇಳಿದು ಕೂತ. ಲಾಳಿಯ ಸಪ್ಪಳ ಮಾತ್ರ ಬರಲಿಲ್ಲ.

ಆಯಿ ಕೌದಿಯ ಮೇಲೆ ಮಲಗಿದ್ದಳು. ಎಡಗೈಯಿಂದ ಆ ಉದ್ದನೆಯ ಪಟ್ಟಿಯನ್ನು ಸವರಿದಳು.

"ಏನವಾ ಇದು?"

"ನಿನ್ನ ಹೆಸರ, ಆಯಿ."

"ಇಷ್ಟೂ ನಂದ?" ಆಯಿಯ ಬಾಯಿ ಒಂದೇ ಕಡೆ ನಕ್ಕಿತು. "ಇಷ್ಟಕ್ಕ ಸೀರಿ ಎಲ್ಲಿಂದ ತರ್ತಿ, ಹುಚ್ಚಿ?"

ಅವಳ ಬೆರಳು ಪಟ್ಟಿಯ ತುದಿಯಲ್ಲಿದ್ದ ಸಾಲು ತೂತುಗಳಿಗೆ ಬಂದು ನಿಂತಿತು. ಎಳೆ ಹುಡುಕುವ ಹಾಗೆ ಅಲ್ಲೇ ಆಡಿತು. ಆಮೇಲೆ ಅವಳು ಪಟ್ಟಿಯ ಎರಡೂ ತುದಿಗಳನ್ನು ಎಡಗೈಯಿಂದಲೇ ಒಂದೊಂದಾಗಿ ಎಳೆದು ಹತ್ತಿರ ತಂದಳು, ತೆನಿ ಕಟ್ಟಲು ಕೂತವರಂತೆ. ಆ ಕಡೆಯ ತುದಿ ಹಿಡಿಯಬೇಕಾದ ಬಲಗೈ ಕೌದಿಯ ಮೇಲೆ ಬಿದ್ದೇ ಇತ್ತು.

ಲಕ್ಕವ್ವ ಬೇಗ ತನ್ನ ಕೈ ಚಾಚಿ ಆ ತುದಿ ಹಿಡಿದಳು. ಆಯಿ ಕಾದಳು.

ಯಾವ ಎಳೆ ಮೊದಲು, ಕುಣಿಕೆ ಯಾವ ಕಡೆಗೆ, ಲಕ್ಕವ್ವನಿಗೆ ಗೊತ್ತಿರಲಿಲ್ಲ. ದಿನಾ ಪಕ್ಕದಲ್ಲೇ ಕೂತಿದ್ದಳು. ಒಂದು ದಿನವೂ ಕೇಳಿರಲಿಲ್ಲ.

ಅವಳು ತುದಿಯನ್ನು ಬಿಡಲಿಲ್ಲ. ಹಾಗೇ ಹಿಡಿದುಕೊಂಡು ಕೂತಳು.