ಬ್ಲಾಕ್ ತರಲು ಹೋದವನು

ಗೇಟಿನ ಹೊರಗೆ ನಿಂತಿದ್ದ ಮನುಷ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಪಕ್ಕದಲ್ಲಿ ಕೈಗಾಡಿ. ಗಾಡಿಯ ಮೇಲೆ ಗೋಣಿಚೀಲ ಹೊದ್ದ ಏನೋ ಭಾರದ ವಸ್ತು.

"ಯಜಮಾನ್ರು ಇದಾರಾ? ಸ್ವಲ್ಪ ಕರೀರಿ."

"ಏನಾಗ್ಬೇಕಿತ್ತು?" ಎಂದಳು ಅವಳು.

"ಏನಾಗ್ಬೇಕಿತ್ತಾ? ಕಾರಿನ ಇಂಜಿನ್ ಬ್ಲಾಕು ಬೋರ್ ಮಾಡೋಕೆ ನನ್ನ ಲೇತ್ ಅಂಗಡೀಲಿ ಕೊಟ್ಟು ಮೂರು ವರ್ಷ ಆಯ್ತು. ಇವತ್ತೇ ಬಂದು ತಗೊಂಡು ಹೋಗ್ತೀನಿ ಅಂತ ಫೋನ್ ಮಾಡಿದೋರು ಆಮೇಲೆ ಆ ಕಡೆ ತಲೇನೇ ಹಾಕ್ಲಿಲ್ಲ. ತುಕ್ಕು ಹಿಡೀಬಾರ್ದು ಅಂತ ಎಣ್ಣೆ ಸವರಿ ಸವರಿ ನನ್ನ ಕೈ ಸವೀತು. ನಾನೇನು ಅದನ್ನ ತೊಟ್ಟಿಲಲ್ಲಿ ಹಾಕಿ ತೂಗ್ತಾ ಕೂತಿರ್ಲಾ?"

ಅವಳು ಗೇಟಿನ ಚಿಲಕ ಹಿಡಿದೇ ನಿಂತಳು. "ಅವತ್ತು ನಿಮ್ಮಲ್ಲಿಗೇ ಹೊರಟಿದ್ರು," ಎಂದಳು. "ದಾರೀಲಿ ಲಾರಿ ಗುದ್ದಿತು. ಬ್ಲಾಕ್ ಯಾವ ಅಂಗಡೀಲಿದೆ ಅಂತ ನಮಗೆ ಗೊತ್ತೇ ಇರ್ಲಿಲ್ಲ."

ಲೇತಿನವನ ಸಿಟ್ಟು ಜರ್ರನೆ ಇಳಿಯಿತು. ಗಾಡಿಯ ಮೇಲಿನ ಗೋಣಿಚೀಲವನ್ನು ಮಗುವಿನ ಹೊದಿಕೆಯಂತೆ ಮೆಲ್ಲಗೆ ಸರಿಪಡಿಸಿದ. ಮುಂದೆ ಅವನನ್ನು ನೆನೆದಾಗಲೆಲ್ಲ ಅವಳ ಕಣ್ಣಿಗೆ ಮೊದಲು ಬರುತ್ತಿದ್ದುದು ಆ ಕೈಗಳೇ.

ಬ್ಲಾಕ್ ತರಲು ಹೋದವನು ಬರಲಿಲ್ಲ. ಬ್ಲಾಕ್ ಬಂತು.

ಮನೆಯ ಪಕ್ಕದ ಶೆಡ್ಡಿನಲ್ಲಿ ಕಾರು ಇನ್ನೂ ಬಾನೆಟ್ ತೆರೆದುಕೊಂಡೇ ನಿಂತಿತ್ತು. ಮಾವ ಕೊಂಡ ಕಾರು. ಗಂಡ ಡ್ರೈವಿಂಗ್ ಕಲಿತದ್ದು ಅದರಲ್ಲಿ, ಮದುವೆಯಾಗಿ ಅವಳನ್ನು ಮನೆಗೆ ಕರೆತಂದದ್ದೂ ಅದರಲ್ಲೇ. ಇಂಜಿನ್ ತಾನೇ ಬಿಚ್ಚಿ ತಾನೇ ಜೋಡಿಸುತ್ತೇನೆಂದು ಹಠ ಹಿಡಿದು ಬಿಚ್ಚಿದ್ದ. ಬಿಸ್ಕತ್ ಡಬ್ಬಿಗಳಲ್ಲಿ ಬೋಲ್ಟುಗಳು, ಹಳೆ ಬಟ್ಟೆಯಲ್ಲಿ ಸುತ್ತಿಟ್ಟ ಪಿಸ್ಟನ್ನುಗಳು, ಮೊಳೆಗೆ ನೇತುಹಾಕಿದ ಮಸಿಯ ಅಂಗಿ, ಗೋಡೆಯ ಹಲಗೆಗೆ ಸಾಲಾಗಿ ತೂಗಿಬಿಟ್ಟ ಸ್ಪಾನರುಗಳು, ಎಲ್ಲವೂ ಬಿಟ್ಟುಹೋದ ಹಾಗೇ ಇದ್ದವು. ಅತ್ತೆ ಅಂದಿನಿಂದ ಆ ಹೊಸ್ತಿಲು ದಾಟಿರಲಿಲ್ಲ. ಮಧ್ಯಾಹ್ನದ ಹೊತ್ತು ಒಳಗಿಂದ ಸ್ಪಾನರ್ ಸದ್ದು ಕೇಳಿಸುತ್ತದೆ ಎಂದು ಅವರು ಹೇಳಿದರೆ ಸೊಸೆ ಇಲ್ಲವೆನ್ನುತ್ತಿರಲಿಲ್ಲ. ಅವಳಿಗೂ ಕೇಳಿಸಿತ್ತು.

"ನೀವೇ ಜೋಡಿಸಿ ಕೊಡ್ತೀರಾ?" ಎಂದು ಕೇಳಿದಳು. "ಇಲ್ಲೇ, ಈ ಶೆಡ್ಡಲ್ಲೇ. ನಾನೂ ಕೈ ಹಾಕ್ತೀನಿ."

ಹೀಗೆ ಲೇತಿನವನು ರಜೆಯ ದಿನಗಳಲ್ಲಿ ಬರತೊಡಗಿದ.

ಅವಳದ್ದು ಕನ್ನಡಕದ ಅಂಗಡಿಯಲ್ಲಿ ಗಾಜು ತೇಯ್ದು ಫ್ರೇಮಿಗೆ ಕೂರಿಸುವ ಕೆಲಸ. ಕೂರಿಸಿದ ಮೇಲೆ ಗಾಜಿನ ಮೇಲೆ ಒಂದೇ ಒಂದು ಬೆರಳಚ್ಚೂ ಉಳಿಯದಂತೆ ಒರೆಸಿ ಕೊಡಬೇಕು. ಹಾಗಾಗಿ ಕೈ ಹದವಾಗಿತ್ತು. ಆದರೂ ಪಿಸ್ಟನ್ನಿಗೆ ರಿಂಗ್ ತೊಡಿಸುವಾಗ ಅವನು ಗದರಿದ.

"ಹಾಗೆ ಎಳೀಬೇಡಿ, ಪಟಕ್ಕಂತ ಮುರಿಯುತ್ತೆ. ನಿಧಾನ. ಒಲಿಸ್ಕೊಂಡು ಹಾಕ್ಬೇಕು."

"ಕಬ್ಬಿಣಾನೂ ಒಲಿಸ್ಕೊಳ್ಳೋಕೆ ಆಗುತ್ತಾ?"

"ನಂಗೆ ಒಲಿಯೋದು ಅದೊಂದೇ ಕಣ್ರೀ. ಮನುಷ್ಯರ ಹತ್ರ ನನ್ನ ಆಟ ನಡೆಯಲ್ಲ."

ಅವಳು ನಕ್ಕುಬಿಟ್ಟಳು. ಕಣ್ಣೆತ್ತಿದರೆ ಅವನು ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದ ಕಳ್ಳನ ಹಾಗೆ ಎಣ್ಣೆ ಡಬ್ಬಿಯ ಕಡೆ ತಿರುಗಿದ, ಆದರೆ ಕೆಂಪಾದ ಕಿವಿಯನ್ನು ಎಲ್ಲಿ ಬಚ್ಚಿಡುವುದು?

ಠಣ್!

ಹಲಗೆಯಿಂದ ಒಂದು ಸ್ಪಾನರ್ ನೆಲಕ್ಕೆ ಬಿದ್ದಿತ್ತು. ಗಾಳಿಯಿಲ್ಲ, ಬೆಕ್ಕಿಲ್ಲ, ಹತ್ತಿರ ಯಾರೂ ಸುಳಿದಿಲ್ಲ.

"ಅವರಿಗೆ ಇಷ್ಟ ಆಗ್ಲಿಲ್ಲ ಅಂತ ಕಾಣುತ್ತೆ." ತಮಾಷೆ ಮಾಡಲು ಹೋಗಿ ಅವಳ ಮೈ ಜುಮ್ಮೆಂದಿತು.

ಅವನು ಸ್ಪಾನರ್ ಎತ್ತಿ, ಒರೆಸಿ, ಅದರ ಮೊಳೆಗೇ ಹಾಕಿದ. "ತಪ್ಪಾಯ್ತು ಸಾರ್," ಎಂದ ಗೋಡೆಗೆ, ಬಹಳ ಗಂಭೀರವಾಗಿ. ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅದು ಅಂದಿಗೆ ಮುಗಿಯಲಿಲ್ಲ. ಅವರಿಬ್ಬರು ಕೆಲಸ ಬಿಟ್ಟು ಮಾತಿಗೆ ಕೂತಾಗಲೆಲ್ಲ ಠಣ್ಣೆಂದು ಒಂದು ಬೀಳುತ್ತಿತ್ತು. ಅವಳು ರಾತ್ರಿ ಹಾಸಿಗೆಯಲ್ಲಿ ಗಂಡನ ದಿಂಬಿನ ಕಡೆ ತಿರುಗಿ, "ನಾನೇನೂ ಮಾಡಿಲ್ಲ," ಎಂದು ಪಿಸುಗುಡುತ್ತಿದ್ದಳು. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೂ ಗೊತ್ತಿತ್ತು.

ಕ್ರ್ಯಾಂಕ್ ಕೂತಿತು, ಪಿಸ್ಟನ್ ಕೂತವು, ಹೆಡ್ ಕೂತಿತು. ಉಳಿದದ್ದು ಆಯಿಲ್ ಚೇಂಬರ್, ಇಂಜಿನ್ನಿನ ತಳದಲ್ಲಿ ಎಣ್ಣೆ ಹಿಡಿದಿಡುವ ತಗಡಿನ ತೊಟ್ಟಿ. ಅದನ್ನೊಂದು ಮುಚ್ಚಿದರೆ ಇಂಜಿನ್ನನ್ನು ಕಾರಿಗೆ ಇಳಿಸಬಹುದು. ಲೇತಿನವನು ಅದಕ್ಕೆ ಮಾತ್ರ ಕೈ ಹಾಕಲೊಲ್ಲ. ಒಂದು ವಾರ ಬೋಲ್ಟ್ ಸರಿಯಿಲ್ಲ ಎಂದ. ಇನ್ನೊಂದು ವಾರ ಕಾರ್ಬ್ಯುರೇಟರ್ ತೊಳೆಯಬೇಕೆಂದ. ಮುಂದಿನ ವಾರ ತೊಳೆದದ್ದನ್ನೇ ಮತ್ತೆ ತೊಳೆದ.

"ಲೇತಪ್ಪ," ಅತ್ತೆ ಹೊಸ್ತಿಲಾಚೆಯಿಂದಲೇ ಚಹಾ ಚಾಚಿದರು, "ಇದು ಕಾರಿನ ಇಂಜಿನ್ನೋ, ರೈಲಿಂದೋ? ಮುಗಿಸ್ಲೇಬಾರ್ದು ಅಂತ ಹಠ ತೊಟ್ಟ ಹಾಗಿದೆ."

ಮಾತು ಸೊಸೆಗೆ ನಾಟಿತು. ಮುಗಿಯಬಾರದು ಎಂಬ ಆಸೆ ಅವಳದ್ದೂ ಆಗಿತ್ತು. ಮುಗಿದರೆ ಈ ಶೆಡ್ಡಿನಲ್ಲಿ ಗಂಡನಿಗೆ ಕೆಲಸ ಉಳಿಯುವುದಿಲ್ಲ. ಇವನಿಗೂ ಈ ಮನೆಗೆ ಬರಲು ನೆಪ ಉಳಿಯುವುದಿಲ್ಲ. ಇಬ್ಬರಲ್ಲಿ ಯಾರು ಹೋದರೆ ಹೆಚ್ಚು ನೋವು ಎಂದು ಕೇಳಿಕೊಳ್ಳಲು ಅವಳಿಗೆ ಭಯವಾಗುತ್ತಿತ್ತು.

"ನಿಜ ಹೇಳಿ," ಎಂದು ಅತ್ತೆ ಅತ್ತ ಹೋದ ಮೇಲೆ ಅವಳು ಕೇಳಿದಳು. "ಯಾಕೆ ಮುಂದಕ್ಕೆ ಹಾಕ್ತಿದೀರಿ?"

ಅವನು ಕೈ ಒರೆಸಿಕೊಂಡ. ಆಮೇಲೆ ಚೇಂಬರನ್ನು ಎತ್ತಿ ಕಿಟಕಿಯ ಬೆಳಕಿಗೆ ತಂದ. "ಇಲ್ಲಿ ನೋಡಿ."

ಎಣ್ಣೆ ಸೋರದಂತೆ ಅಂಚಿನ ಸುತ್ತ ಹಚ್ಚಿದ್ದ ಕೆಂಪು ಗ್ಯಾಸ್ಕೆಟ್ ಪೇಸ್ಟ್ ಒಣಗಿ ಗಟ್ಟಿಯಾಗಿತ್ತು. ಮೂಲೆಯಲ್ಲಿ ಒಂದು ಹೆಬ್ಬೆರಳಿನ ಅಚ್ಚು. ಸುರುಳಿ ಗೆರೆಗಳು, ಅವುಗಳ ಅಡ್ಡಕ್ಕೆ ಒಂದು ಗಾಯದ ಗುರುತು.

"ಬ್ಲಾಕ್ ಕೈಗೆ ಬರೋ ಮೊದ್ಲೇ ಪೇಸ್ಟ್ ಹಚ್ಚಿಟ್ಟಿದಾರೆ. ಹಾಗೆ ಯಾರೂ ಮಾಡಲ್ಲ. ಅವತ್ತು ಅಂಗಡಿಗೆ ಹೊರಡೋ ಮುಂಚೆ ಇರ್ಬೇಕು. ಒಣಗ್ತಾ ಅಂತ ಒತ್ತಿ ನೋಡಿದಾರೆ."

ಅವಸರದ ಮನುಷ್ಯ. ಅಡುಗೆ ಆಗುವ ಮೊದಲೇ ತಟ್ಟೆ ಹಾಕಿಕೊಂಡು ಕೂರುವವನು. ಆ ಗಾಯಕ್ಕೆ ಪಟ್ಟಿ ಕಟ್ಟಿದವಳು ಅವಳೇ. ದಿನವಿಡೀ ಊರವರ ಬೆರಳಚ್ಚು ಒರೆಸುವ ಅವಳಿಗೆ ತನ್ನ ಮನೆಯಲ್ಲೇ ಉಳಿದಿದ್ದ ಈ ಒಂದು ಕಂಡಿರಲಿಲ್ಲ.

"ಇದನ್ನ ಕೆರೆದು ಹೊಸದಾಗಿ ಹಚ್ಬೇಕು, ಇಲ್ಲಾಂದ್ರೆ ಎಣ್ಣೆ ಸೋರುತ್ತೆ," ಎಂದ ಅವನು. "ಮೊದಲ ದಿನಾನೇ ನೋಡ್ದೆ. ಕೆರೆಯೋಕೆ ಕೈ ಬರ್ಲಿಲ್ಲ. ಅವರನ್ನ ಒರೆಸಿ ಹಾಕೋ ಕೆಲಸ ಬೇರೆ ಯಾರಾದ್ರೂ ಮಾಡ್ಲಿ. ನಾನಂತೂ ಮಾಡ್ಬಾರ್ದು."

"ನೀವ್ಯಾಕೆ ಮಾಡ್ಬಾರ್ದು?"

"ನೀವಂದ್ರೆ ನಂಗೆ ಇಷ್ಟ. ಅದಕ್ಕೆ."

ಠಣ್!

ಅವನು ಚೇಂಬರನ್ನು ಕೆಳಗಿಟ್ಟು ಬಾಗಿಲ ಕಡೆ ತಿರುಗಿದರೆ ಬಾಗಿಲಲ್ಲಿ ಅತ್ತೆ. ಅವರು ಹೊಸ್ತಿಲು ದಾಟಿ ಒಳಗೆ ಬಂದರು. ಬಿದ್ದ ಸ್ಪಾನರನ್ನು ಎತ್ತಿ ಹಲಗೆಗೆ ಹಾಕಿದರು. ಆಮೇಲೆ ಕೂತು, ಮಗನ ಬೆರಳಚ್ಚಿನ ಮೇಲೆ ತಮ್ಮ ಹೆಬ್ಬೆರಳಿಟ್ಟು, ಕಣ್ಣು ಮುಚ್ಚಿಕೊಂಡರು.

"ಅತ್ತೆ, ನಾವು..."

"ನಾನೇನು ಕಿವುಡೀನಾ? ಈ ಶೆಡ್ಡಲ್ಲಿ ನೀನು ನಕ್ಕಿದ್ದು ನಂಗೂ ಕೇಳ್ಸಿದೆ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವನು ಸಿಟ್ಟಿಗೆ ಬೀಳಿಸ್ತಿದಾನೆ ಅಂದ್ಕೊಂಡ್ಯಾ? ಬೇಗ ಬೇಗ ಅಂತ ಎಲ್ಲರ ಜೀವ ತಿಂದವನು ಕಣೇ ನನ್ನ ಮಗ. ಈ ಲೇತಪ್ಪನ ನಿಧಾನ ನೋಡಿ ತಡಕೊಳ್ಳೋಕಾಗ್ತಿಲ್ಲ ಅವನಿಗೆ. ಕೆರಿ ಅದನ್ನ. ಎಣ್ಣೆ ಸೋರೋ ಕಾರಲ್ಲಿ ಅವನು ಯಾವತ್ತೂ ನಮ್ಮನ್ನ ಕೂರಿಸಿದವನಲ್ಲ."

ಲೇತಿನವನು ಬ್ಲೇಡನ್ನು ಅವಳ ಕೈಗೆ ಕೊಟ್ಟ. ಅವಳು ಅಂಚಿನ ಸುತ್ತಲೂ ಕೆರೆದು, ಆ ಮೂಲೆಯನ್ನು ಕೊನೆಗೆ ಉಳಿಸಿಕೊಂಡಳು. ಕೊನೆಗೆ ಅದನ್ನೂ ಕೆರೆದಳು. ಜೋರಾಗಿ ಅತ್ತಳು. ಅವನು ಚೇಂಬರ್ ಅಲುಗದಂತೆ ಗಟ್ಟಿಯಾಗಿ ಹಿಡಿದುಕೊಂಡ.

ಹೊಸ ಪೇಸ್ಟ್ ಹಚ್ಚಿದ ಮೇಲೆ ಅವಳೇ ಅವನ ಕೈ ಹಿಡಿದು, ಹೆಬ್ಬೆರಳನ್ನು ಮೂಲೆಗೆ ಒತ್ತಿಸಿದಳು.

"ಇನ್ನೂ ಒಣಗಿಲ್ಲ ಕಣ್ರೀ," ಎಂದ ಅವನು.

"ಗೊತ್ತು. ನಂಗೂ ಅವಸರ ಶುರುವಾಗಿದೆ." ಅವಳು ಕೈ ಬಿಡಲಿಲ್ಲ.

ಇಂಜಿನ್ ಕಾರಿಗಿಳಿದ ದಿನ ಅತ್ತೆ ಮೊದಲಿನಂತೆ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತರು. ಲೇತಿನವನು ಪಕ್ಕದಲ್ಲಿ ಕೂತ. ಅವಳು ಕೀಲಿ ತಿರುಗಿಸಿದಳು. ಕೆಮ್ಮಿತು, ಸುಮ್ಮನಾಯಿತು, ಮತ್ತೆ ಕೆಮ್ಮಿ ಹತ್ತಿಕೊಂಡಿತು. ಶೆಡ್ಡೆಲ್ಲ ಅದುರಿ, ಹಲಗೆಯ ಮೇಲಿನ ಸ್ಪಾನರುಗಳೆಲ್ಲ ಗಲಗಲ ಸದ್ದು ಮಾಡಿದವು.

ಒಂದೂ ಬೀಳಲಿಲ್ಲ. ಒಂದಾದರೂ ಬೀಳಲಿ ಎಂದು ಅವಳು ಕನ್ನಡಿಯಲ್ಲಿ ಹಲಗೆಯನ್ನೇ ನೋಡುತ್ತ ಕಾದಳು. ಅತ್ತೆಯೂ ಕಾದರು.

"ಹೋದ ಅಂತ ಕಾಣುತ್ತೆ," ಎಂದರು ಅತ್ತೆ ಮೆಲ್ಲಗೆ. "ಹೊರಡು ಮಗಳೇ."

ಅವಳು ಗೇರ್ ಹಾಕಿದಳು.